ನಾವೇ ಕಡಿದ ಲೈನು

ಕಳೆದ ತಿಂಗಳು ಇಬ್ಬರು ಹುಡುಗಿಯರು ಉಡುಪಿಯ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಇಂಜಿನಿಯರಿಂಗ್ ಮುಗಿಸಿ ವಿದ್ಯುತ್ ಕಂಪನಿಗೆ ಹೊಸತಾಗಿ ಸೇರಿದವರು. ನಾನು ಅದೇ ಕೆಲಸದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದು ನಿವೃತ್ತಳಾದವಳು ಎಂದು ಯಾರೋ ಹೇಳಿದ್ದರಂತೆ. "ಫೀಲ್ಡಿನಲ್ಲಿ ಹೇಗಿರ್ತದೆ ಮೇಡಂ?" ಎಂದು ಕೇಳಿದರು. ನಾನು ಗೋಳಿಬಜೆ ಕೊಟ್ಟೆ, ಚಹಾ ಕೊಟ್ಟೆ, "ಎಂತದೂ ಹೆದರಲಿಕ್ಕಿಲ್ಲ, ಲೈನ್‌ಮನ್ನರು ಅಣ್ಣತಮ್ಮಂದಿರ ಹಾಗೆ ಇರ್ತಾರೆ, ಧೈರ್ಯ ಒಂದಿದ್ದರೆ ಆಯ್ತು" ಎಂದು ಬೆನ್ನು ತಟ್ಟಿ ಕಳಿಸಿದೆ. ಗೇಟು ಹಾಕಿ ಒಳಗೆ ಬರುವಾಗ ನನ್ನ ಮಾತು ನನಗೇ ಹೇಸಿಗೆ ಅನಿಸಿತು. ಅವರಿಗೆ ಅಗತ್ಯವಿದ್ದ ಒಂದು ಮಾತನ್ನೂ ನಾನು ಆಡಿರಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ. ಅವರು ಓದಲಿ, ಅವರ ಹಾಗೆ ಬರುವ ಬೇರೆಯವರೂ ಓದಲಿ.

ನನ್ನ ಮೊದಲ ಜಾಗ ಕಾಪು. ಕಾಲೇಜಿನಲ್ಲಿ ಕಲಿತದ್ದರಲ್ಲಿ ಉಪ್ಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಡಲಿನಿಂದ ಬರುವ ಗಾಳಿಯ ಉಪ್ಪು ಕಂಬದ ಮೇಲೆ ತಂತಿಯನ್ನು ಹೊತ್ತಿರುವ ಪಿಂಗಾಣಿಗೆ ಹಿಡಿದುಕೊಳ್ಳುತ್ತದೆ. ಒಣಗಿದ್ದಾಗ ಸುಮ್ಮನಿರುತ್ತದೆ, ಬೆಳಗಿನ ಮಂಜು ತಾಗಿದರೆ ಚಟಚಟ ಕಿಡಿ ಹಾರಿ ಲೈನು ಹೋಗುತ್ತದೆ. ಅದಕ್ಕೆ ಕರೆಂಟು ತೆಗೆದು ಪಿಂಗಾಣಿಗಳನ್ನು ಒರೆಸಬೇಕು. ಹೊಸ ಹುರುಪಿನಲ್ಲಿ ನಾನು ಒಂದು ದಿನ ನಿಗದಿ ಮಾಡಿ ಬೆಳಗ್ಗೆಯೇ ಕರೆಂಟು ತೆಗೆಸಿದೆ. ಅಂದು ದೋಣಿಗಳಿಗೆ ಭಾರೀ ಬಂಗುಡೆ ಸಿಕ್ಕಿತ್ತು, ನಾನು ಐಸ್ ಪ್ಲಾಂಟನ್ನು ನಿಲ್ಲಿಸಿದ್ದೆ. ಮಧ್ಯಾಹ್ನದೊಳಗೆ ಮೀನು ಮಾರುವ ಹೆಂಗಸರು ಆಫೀಸಿನೊಳಗೇ ಬಂದರು. "ನಿಮಗೆ ಮೇಲೆ ಫ್ಯಾನ್ ಉಂಟಲ್ಲ ಮೇಡಂ, ಇದನ್ನು ಅದರಡಿಗೆ ಇಡಿ. ನಾಳೆ ನೀವೇ ಹೊತ್ತುಕೊಂಡು ಹೋಗಿ ಮಾರಿ, ಆಯ್ತಾ?" ಎಂದು ಒಬ್ಬಾಕೆ ಐಸಿಲ್ಲದೆ ಹಳಸಿದ ಮೀನಿನ ಬುಟ್ಟಿಯನ್ನು ನನ್ನ ಮೇಜಿನ ಮೇಲೆಯೇ ಇಟ್ಟು ಹೋದಳು. ಒಂದು ವಾರ ಆ ಕೋಣೆಯಲ್ಲಿ ಊಟ ಸೇರಲಿಲ್ಲ. ಈ ಕಥೆಯನ್ನು ನಾನು ಮದುವೆ ಮನೆಗಳಲ್ಲಿಯೂ ಹೇಳಿ ನಗಿಸಿದ್ದೇನೆ. ನಗುತ್ತಾ ಹೇಳಲು ಬರುವ ತಪ್ಪುಗಳು ಇಂಥವು.

ಅಲ್ಲಿಂದ ಮಣಿಪಾಲಕ್ಕೆ ಹೋದೆ. ಅಲ್ಲಿ ನಮ್ಮ ಮೇಲಿದ್ದ ಕಾರ್ಯನಿರ್ವಾಹಕ ಇಂಜಿನಿಯರರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಫೋನನ್ನು ಸ್ಪೀಕರಿನಲ್ಲಿಟ್ಟು ಮೇಲಿನವರ ಬೈಗಳನ್ನು ನಮಗೂ ಕೇಳಿಸುವ ಅಭ್ಯಾಸ ಅವರದ್ದು. ಕೆಟ್ಟವರಲ್ಲ. ನಾನು ಸೇರಿದ ದಿನ ಕಿಟಕಿಯ ಹೊರಗೆ ಕೈ ತೋರಿಸಿ ಹೇಳಿದರು: "ನೋಡಮ್ಮ, ಮಣಿಪಾಲ ಗುಡ್ಡದ ಮೇಲೆ ಉಂಟು. ನೀರು ತಾನಾಗಿ ಗುಡ್ಡ ಹತ್ತಿದ್ದನ್ನು ಎಲ್ಲಾದರೂ ನೋಡಿದ್ದೀಯಾ? ಹತ್ತಿಸುವವರು ನಾವು. ನಾವು ನಿಂತರೆ ಆಸ್ಪತ್ರೆಯಲ್ಲಿ ಡಾಕ್ಟರು ಕೈ ತೊಳೆಯಲಿಕ್ಕೂ ನೀರಿಲ್ಲ."

ನಾನಿದ್ದಷ್ಟು ಕಾಲವೂ ಆ ಗುಡ್ಡದ ಮೇಲೆ ಕಟ್ಟಡ ಏಳುತ್ತಲೇ ಇತ್ತು. ಹಾಸ್ಟೆಲಿನ ಪಕ್ಕ ಹಾಸ್ಟೆಲು, ಫ್ಲ್ಯಾಟಿನ ಹಿಂದೆ ಫ್ಲ್ಯಾಟು, ಪ್ರತಿ ಕೋಣೆಗೆ ಒಂದು ಏಸಿ. ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ಬರುವಷ್ಟರಲ್ಲಿ ಇನ್ನೊಂದಕ್ಕೆ ಅರ್ಜಿ ಬಂದಿರುತ್ತಿತ್ತು. ನೀರು ಮಾತ್ರ ಕಾರ್ಕಳದ ಕಡೆಯಿಂದ ಬರುವ ಅದೇ ಒಂದು ಹೊಳೆಯದ್ದು. ಬೇಸಿಗೆಯಲ್ಲಿ ಹೊಳೆ ಇಳಿದರೆ ಊರಿಗೆ ದಿನ ಬಿಟ್ಟು ದಿನ ನೀರು, ಆಮೇಲೆ ಮೂರು ದಿನಕ್ಕೊಮ್ಮೆ. ಆಗ ಮೇಲಿನಿಂದ ಒಂದು ಆದೇಶ ಬರುತ್ತಿತ್ತು: ಮೇಲ್ಬದಿಯ ಹೊಳೆಯುದ್ದಕ್ಕೂ ಕೃಷಿ ಪಂಪ್‌ಸೆಟ್ಟುಗಳ ಕರೆಂಟು ಕಡಿಯಿರಿ, ನೀರು ಕುಡಿಯಲಿಕ್ಕೆ ಉಳಿಯಲಿ. ಅದನ್ನು ಓದಿ ನಮಗೆ ಸಮಾಧಾನವೇ ಆಗುತ್ತಿತ್ತು. ಕಡಿಯುವವರು ಬೇರೆ ಯಾರೋ, ಕಾರ್ಕಳದ ಕಡೆಯವರು.

ಆಮೇಲೆ ನನ್ನನ್ನೇ ಕಾರ್ಕಳದ ಕಡೆಗೆ ಹಾಕಿದರು. ಅಜೆಕಾರಿನ ಸುತ್ತಿನ ಲೈನುಗಳು ನನ್ನ ಪಾಲಿಗೆ ಬಂದವು. ಕೆಲವು ಸಮಯದ ಮೇಲೆ ಸಾಹೇಬರೂ ವರ್ಗವಾಗಿ ಅಲ್ಲಿಗೇ ಬಂದರು.

ಅಲ್ಲಿ ನನ್ನ ಜೊತೆ ಹೆಚ್ಚಾಗಿ ಬರುತ್ತಿದ್ದ ಲೈನ್‌ಮನ್ ಬಸವರಾಜ, ಬಾಗಲಕೋಟೆ ಕಡೆಯವನು. ಕಂಬ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತುಳು ಬರುತ್ತಿರಲಿಲ್ಲ, ಆದರೆ ತುಳುವಿನಲ್ಲಿ ಯಾರಾದರೂ ಬೈದರೆ ಮಾತ್ರ ಸರಿಯಾಗಿ ತಿಳಿಯುತ್ತಿತ್ತು. "ಬೈಗಳಿಗೆ ಭಾಷಾ ಬ್ಯಾಡ್ರಿ ಮೇಡಂ, ಬೈಯಾವ್ರ ಮಾರಿ ನೋಡಿದ್ರ ಸಾಕು" ಎನ್ನುತ್ತಿದ್ದ.

ಮೊದಲ ಬೇಸಿಗೆಯಲ್ಲಿ ಕರೆಂಟು ಕಡಿಯಲು ಹೋದಾಗ ಗಿರಿಜಕ್ಕನ ಪರಿಚಯವಾಯಿತು. ಹೊಳೆಯ ಬದಿಯಲ್ಲಿ ಅವರ ಮನೆ, ಮನೆಯ ಹಿಂದೆ ನಮ್ಮ ಟ್ರಾನ್ಸ್‌ಫಾರ್ಮರ್. ಗದ್ದೆಯಲ್ಲಿ ಸೌತೆ, ಅಲಸಂಡೆ, ಬೆಂಡೆ ಹಾಕಿದ್ದರು. ದಿನಾ ಬೆಳಗ್ಗೆ ಒಂದು ಟೆಂಪೋ ಬಂದು ತರಕಾರಿಯನ್ನು ಮಣಿಪಾಲದ ಹಾಸ್ಟೆಲ್ ಮೆಸ್ಸುಗಳಿಗೆ ಒಯ್ಯುತ್ತಿತ್ತು. ನಾವು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಯಾಕೆ ಬಂದಿರಿ ಎಂದೂ ಕೇಳದೆ ಬೆಲ್ಲ ಮತ್ತು ತಂಬಿಗೆಯಲ್ಲಿ ನೀರು ತಂದಿಟ್ಟರು. ನಮ್ಮ ಕಡೆ ಬಂದವರಿಗೆ ಮೊದಲು ಅದೇ. ಕುಡಿದ ಮೇಲೆ ನಾನು ವಿಷಯ ಹೇಳಿದೆ. ಅವರು ಖಾಲಿ ತಂಬಿಗೆಯನ್ನು ಎತ್ತಿಕೊಂಡು, "ಕುಡಿದಾದ ಮೇಲೆ ಹೇಳಿದ್ದು ಒಳ್ಳೆಯದಾಯ್ತು ಮೇಡಂ. ಮೊದಲೇ ಹೇಳಿದ್ದರೆ ನಾನು ಎಂತ ಮಾಡ್ತಿದ್ದೆನೋ" ಎಂದರು.

ಬಸವರಾಜ ನೆಲ ನೋಡಿದ. ನಾನೂ.

"ನನ್ನ ಪಂಪು ಬಾವಿಯದ್ದು, ಹೊಳೆಯದ್ದಲ್ಲ" ಎಂದು ಅವರು ಬಾವಿಯ ಕಡೆ ತೋರಿಸಿದರು. "ಹೊಳೆ ಊರಿಗೆಲ್ಲ ಸೇರಿದ್ದು, ಒಪ್ಪಿದೆ. ಬಾವಿ ನಮ್ಮ ಮಾವ ತೋಡಿಸಿದ್ದು. ಅದರ ಮೇಲೂ ಪೇಟೆಯವರ ಹಕ್ಕು ಉಂಟಾ?"

"ಒಂದೇ ಲೈನು ಅಕ್ಕ. ಹೊಳೆಯ ಪಂಪನ್ನು ಕಡಿದರೆ ನಿಮ್ಮದೂ ಹೋಗ್ತದೆ."

ಅದು ಪೂರ್ತಿ ನಿಜವಲ್ಲ. ಬಾವಿಯವರಿಗೆ ಬೇರೆ ತಂತಿ ಎಳೆಯಬಹುದಿತ್ತು. ಸಾಹೇಬರ ಬಳಿ ಕೇಳಿದೆ. "ಒಬ್ಬರಿಗೆ ಕೊಟ್ಟರೆ ಊರಿಡೀ ಬಾವಿ ತೋರಿಸ್ತಾರಮ್ಮ" ಎಂದರು. ನಾನು ಮತ್ತೆ ಕೇಳಲಿಲ್ಲ. ಆ ವರ್ಷ ಗಿರಿಜಕ್ಕನ ಸೌತೆ ಬಳ್ಳಿಗಳು ಚಪ್ಪರದ ಮೇಲೆಯೇ ಸುಟ್ಟವು. ಹೊಳೆಯಲ್ಲಿ ಉಳಿದ ನೀರು ಗುಡ್ಡ ಹತ್ತಿತು. ಆ ನೀರನ್ನು ಆಸ್ಪತ್ರೆಯೂ ಕುಡಿಯಿತು, ಅದರಲ್ಲಿ ಫ್ಲ್ಯಾಟಿನವರ ಕಾರುಗಳೂ ಮಿಂದವು. ಯಾವ ಹನಿ ಎಲ್ಲಿಗೆ ಹೋಯಿತು ಎಂದು ತಂತಿ ಕಡಿಯುವವರಿಗೆ ತಿಳಿಯುವುದಿಲ್ಲ.

ಇಲ್ಲಿಂದ ಮುಂದಿನದ್ದನ್ನು ಹೊಸಬರು ಗಮನವಿಟ್ಟು ಓದಬೇಕು. ನಾನು ಗಿರಿಜಕ್ಕನ ಮನೆಗೆ ಹೋಗುವುದನ್ನು ಬಿಟ್ಟೆ. ಟ್ರಾನ್ಸ್‌ಫಾರ್ಮರಿಗೆ ದಾರಿ ಅವರ ಅಂಗಳದಲ್ಲೇ ಇತ್ತು. ಅವರ ಎದುರು ಬೀಳಬಾರದೆಂದು ರಸ್ತೆಯಲ್ಲಿ ಜೀಪು ನಿಲ್ಲಿಸಿ ಗದ್ದೆಯ ಬದುವಿನ ಮೇಲೆ ಸುತ್ತಿ ಹೋಗುತ್ತಿದ್ದೆ. ಬಸವರಾಜ ಏನೂ ಕೇಳದೆ ಹಿಂದಿನಿಂದ ಬರುತ್ತಿದ್ದ. ಹಾಗೆ ಸುತ್ತಿ ಹೋಗುವುದನ್ನು ಆಗ ನನ್ನ ಸೂಕ್ಷ್ಮ ಮನಸ್ಸು ಎಂದು ತಿಳಿದಿದ್ದೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಆದೇಶ ಬಂತು. ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಿಂದ ಫ್ಯೂಸುಗಳನ್ನು ತೆಗೆದು, ಬೀಗ ಹಾಕಿ, ಬೀಗದ ಕೈಯನ್ನು ನನ್ನ ಚೀಲದಲ್ಲಿಟ್ಟುಕೊಂಡೆ. ಕೆಲವು ದಿನ ಕಳೆದ ಮೇಲೆ ಗಿರಿಜಕ್ಕ ಫೋನ್ ಮಾಡಿದರು.

"ಮೇಡಂ, ಮದುವೆಗೆ ಲೈಟು ಹಾಕುವವರ ಹತ್ತಿರ ಜನರೇಟರ್ ಬಾಡಿಗೆಗೆ ಉಂಟು. ನನ್ನ ಬಾವಿಗೆ ಇಟ್ಟುಕೊಂಡರೆ ನಿಮ್ಮದೇನಾದರೂ ತಕರಾರು ಉಂಟಾ?"

"ನನ್ನದೇನಿಲ್ಲ ಅಕ್ಕ. ನೀವು ಹೇಳಿಲ್ಲ, ನಾನು ಕೇಳಿಲ್ಲ ಅಂತ ಇರಲಿ. ಇಟ್ಟುಕೊಳ್ಳಿ."

"ನೀವು ಒಮ್ಮೆ ಬಂದು ನೋಡಿದ್ದರೆ..."

"ಪುರುಸೊತ್ತಾದರೆ ಬರ್ತೇನೆ."

ಪುರುಸೊತ್ತಿತ್ತು. ಮುಖ ಇರಲಿಲ್ಲ. ಆ ತಂಬಿಗೆಯ ಎದುರು ಮತ್ತೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಹೋಗಿದ್ದರೆ ಒಂದೇ ಕೆಲಸ ಇತ್ತು: ಅವರ ಮೀಟರ್ ಬೋರ್ಡಿನ ಫ್ಯೂಸು ಕೀಳುವುದು. ಅದನ್ನು ಕೀಳದೆ ಜನರೇಟರ್ ಹಚ್ಚಿದರೆ ಕರೆಂಟು ಮೋಟರಿಗೆ ಹೋಗುವಂತೆಯೇ ಮೀಟರನ್ನು ದಾಟಿ ಹಿಂದಕ್ಕೆ, ಕಂಬದ ತಂತಿಗೂ ಹೋಗುತ್ತದೆ. ನಾವು ಸತ್ತಿದೆ ಎಂದುಕೊಂಡ ಲೈನು ಆ ಮನೆಯಿಂದ ಜೀವ ಪಡೆಯುತ್ತದೆ. ಲೈಟಿನವನಿಗೆ ಇದು ಗೊತ್ತಿರಬೇಕೆಂದೇನಿಲ್ಲ. ಗಿರಿಜಕ್ಕನಿಗೂ ಇಲ್ಲ. ನನಗೆ ಗೊತ್ತಿರಬೇಕು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದ ವಿಷಯ ಅದು.

ಮೇ ತಿಂಗಳಲ್ಲಿ ಘಟ್ಟದ ಬುಡದಲ್ಲಿ ಮಳೆ ಬಿತ್ತು. ಅಜೆಕಾರಿನಲ್ಲಿ ಬರೀ ಗಾಳಿ. ಹೊಳೆಗೆ ನೀರು ಬಂದದ್ದರಿಂದ ಅಂದು ಸಂಜೆಯೊಳಗೆ ಪಂಪ್‌ಸೆಟ್ಟುಗಳಿಗೆ ಕರೆಂಟು ಕೊಡಿ ಎಂದು ಸಾಹೇಬರು ಹೇಳಿದರು. ಅಷ್ಟರಲ್ಲಿ ರೈತರ ಫೋನುಗಳು ಶುರುವಾಗಿದ್ದವು. ಬೇರೆ ಲೈನ್‌ಮನ್ನರೆಲ್ಲ ಗಾಳಿಗೆ ಬಿದ್ದ ಕಂಬಗಳ ಹಿಂದೆ ಹೋಗಿದ್ದರು. ಗಿರಿಜಕ್ಕನ ಗದ್ದೆಯ ಆಚೆ ಒಂದು ಕಂಬದಲ್ಲಿ ತಂತಿ ಪಿಂಗಾಣಿಯಿಂದ ಕಳಚಿ ಜೋತುಬಿದ್ದಿತ್ತು. ಅದನ್ನು ಮೇಲೆ ಕೂರಿಸಿದ ಮೇಲೆಯೇ ಫ್ಯೂಸು ಹಾಕಬೇಕು. ನಾನೂ ಬಸವರಾಜನೂ ಇಬ್ಬರೇ ಹೋದೆವು. ಯಥಾಪ್ರಕಾರ ಜೀಪು ರಸ್ತೆಯಲ್ಲಿ, ನಾವು ಬದುವಿನ ಮೇಲೆ.

ಕಂಬದ ಬುಡಕ್ಕೆ ಬಂದ ಮೇಲೆ ಬಸವರಾಜ ನಿಂತ. "ಅರ್ತ್ ರಾಡ್ ಜೀಪಿನ್ಯಾಗ ಉಳೀತ್ರಿ. ತರ್ಲೇನು?"

ಅರ್ತ್ ರಾಡ್ ಎಂದರೆ ಕೆಲಸಕ್ಕೆ ಮೊದಲು ತಂತಿಯನ್ನು ನೆಲಕ್ಕೆ ಜೋಡಿಸುವ ಸಲಕರಣೆ. ಎಲ್ಲಿಂದಲಾದರೂ ಕರೆಂಟು ಬಂದರೆ ಮನುಷ್ಯನನ್ನು ಬಿಟ್ಟು ಭೂಮಿಗೆ ಹೋಗುತ್ತದೆ. ಎಲ್ಲ ತರಬೇತಿಯಲ್ಲೂ ಇದು ಮೊದಲ ಪಾಠ. ಆದರೆ ನಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ಬೇಸಿಗೆಯಲ್ಲಿ ನಾವೇ ಕಡಿದು, ಬೀಗ ಹಾಕಿ, ದಿನಗಟ್ಟಲೆ ಸುಮ್ಮನೆ ಬಿದ್ದ ಲೈನಿಗೆ ಯಾರೂ ಅರ್ತ್ ಹಾಕುತ್ತಿರಲಿಲ್ಲ. ಅದರ ಮೇಲೆ ಬಟ್ಟೆ ಒಣಗಿಸಬಹುದು ಎಂದು ತಮಾಷೆ ಮಾಡುತ್ತಿದ್ದೆವು.

"ನಾವೇ ಕಡಿದ ಲೈನು ಅಲ್ವಾ ಮಾರಾಯ? ಬೀಗದ ಕೈ ಇಲ್ಲಿ ಉಂಟು" ಎಂದು ನಾನು ಚೀಲ ತಟ್ಟಿದೆ. "ಬೇಗ ಮುಗಿಸುವ. ಫೋನು ಬಿಡುದಿಲ್ಲ ಇವರು."

"ಆತ್ರಿ" ಎಂದು ಅವನು ಬೆಲ್ಟು ಕಟ್ಟಿಕೊಂಡು ಹತ್ತಿದ.

ಎಲ್ಲಿಂದಲೋ ಡಬಡಬ ಸದ್ದು ಕೇಳುತ್ತಿತ್ತು. ಯಾರೋ ಟಿಲ್ಲರಿನಲ್ಲಿ ಗದ್ದೆ ಹೂಡುತ್ತಿದ್ದಾರೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಈಗಲೂ ಸ್ಪಷ್ಟವಾಗಿ ನೆನಪಿದೆ. ಗಿರಿಜಕ್ಕನ ಫೋನು ಮಾತ್ರ ನೆನಪಾಗಲಿಲ್ಲ.

ಅವನು ತಂತಿಗೆ ಕೈ ಹಾಕಿದ. ಕೂಗಲಿಲ್ಲ. ಗಂಟಲಿನಿಂದ ಒಂದು ಒಣ ಸದ್ದು ಬಂತು, ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು, ಬೆಲ್ಟು ಹಿಡಿದುಕೊಂಡಿತು. ಕೈ ತಂತಿಯನ್ನು ಬಿಡಲಿಲ್ಲ. ಕೈಯಿಂದ ಹೊಗೆ ಏಳುವುದು ಕೆಳಗೆ ನಿಂತ ನನಗೆ ಕಾಣುತ್ತಿತ್ತು.

ನಾನು ಕೂಗಿಕೊಂಡು ಓಡಿದೆ. ಎಲ್ಲಿಗೆ ಓಡಿದೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ. ಟ್ರಾನ್ಸ್‌ಫಾರ್ಮರಿನ ಕಡೆಗೆ. ಕರೆಂಟು ಅಲ್ಲಿಂದ ಬರುತ್ತದೆ ಎಂದು ತಲೆಯಲ್ಲಿ ಕೂತಿತ್ತು. ಚೀಲದಿಂದ ಬೀಗದ ಕೈ ತೆಗೆದು, ಬೀಗ ತೆರೆದು, ಪೆಟ್ಟಿಗೆಯ ಬಾಗಿಲು ಎಳೆದೆ. ಒಳಗೆ ಫ್ಯೂಸಿನ ಜಾಗಗಳು ಖಾಲಿ. ನಾನೇ ತೆಗೆದು ಕೆಳಗಿಟ್ಟ ಫ್ಯೂಸುಗಳು ಇಟ್ಟ ಹಾಗೆಯೇ ಇದ್ದವು, ಮೇಲೆ ಜೇಡನ ಬಲೆ ಕಟ್ಟಿತ್ತು. ಕಡಿಯಲು ಅಲ್ಲಿ ಏನೂ ಇರಲಿಲ್ಲ. ನನ್ನ ಹಿಂದೆ ಒಬ್ಬ ಮನುಷ್ಯ ಸುಡುತ್ತಿದ್ದ, ನಾನು ಖಾಲಿ ಪೆಟ್ಟಿಗೆ ನೋಡುತ್ತಾ ನಿಂತಿದ್ದೆ.

ನಿವೃತ್ತಳಾದ ಮೇಲೂ ಹಗಲಲ್ಲಿ, ಅಡಿಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ನಾನು ಆ ಪೆಟ್ಟಿಗೆಯ ಬಾಗಿಲು ತೆರೆಯುತ್ತಲೇ ಇರುತ್ತೇನೆ.

ಆ ಡಬಡಬ ಸದ್ದು ಗಿರಿಜಕ್ಕನ ಬಾವಿಯ ಕಡೆಯಿಂದ ಬರುತ್ತಿದೆ ಎಂದು ಆಗ ಹೊಳೆಯಿತು. "ಆಫ್ ಮಾಡಿ ಅಕ್ಕಾ!" ಎಂದು ಕಿರುಚಿದೆ. ಅಷ್ಟರೊಳಗೆ ಸದ್ದು ನಿಂತಿತ್ತು. ಬಾವಿಯ ಬಳಿಯಿದ್ದ ಗಿರಿಜಕ್ಕ ನನ್ನ ಮೊದಲ ಕೂಗು ಕೇಳಿ, ತಲೆ ಎತ್ತಿ ಕಂಬದ ಮೇಲೆ ನೋಡಿದ್ದರಂತೆ. ಏನೆಂದು ಅರ್ಥವಾಗದಿದ್ದರೂ ಸದ್ದು ಮಾಡುವ ಯಂತ್ರವನ್ನು ಮೊದಲು ನಿಲ್ಲಿಸಿದರು. ಮತ್ತೆ ಅವರೇ ಕೂಗಿ ಜನ ಸೇರಿಸಿ, ಏಣಿ ತರಿಸಿ, ಅವನನ್ನು ಇಳಿಸಿದ್ದು. ನಾನು ಅವನ ಎದೆ ಒತ್ತಿದೆ. ಅದೊಂದು ತರಬೇತಿ ಉಪಯೋಗಕ್ಕೆ ಬಂತು. ಉಸಿರು ಬಂತು.

ಮಣಿಪಾಲದ ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಬಲಗೈಯ ಎರಡು ಬೆರಳು ತೆಗೆಯಬೇಕಾಯಿತು, ಉಳಿದವು ಪೂರ್ತಿ ಮಡಚುವುದಿಲ್ಲ.

ಮರುದಿನವೇ ಗಿರಿಜಕ್ಕನ ಮೇಲೆ ಪೊಲೀಸ್ ಕೇಸಾಯಿತು, ಅಕ್ರಮವಾಗಿ ಲೈನಿಗೆ ಕರೆಂಟು ಹಾಯಿಸಿದ್ದಕ್ಕೆ. ನಮ್ಮ ಲೈನ್‌ಮನ್ನರು ಅವರ ಅಂಗಳದಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದರು. ನಾನು ಸಾಹೇಬರ ಕೋಣೆಗೆ ಹೋಗಿ, "ಸರ್, ಅವರು ನನಗೆ ಮೊದಲೇ ಹೇಳಿದ್ದರು. ನೋಡಿ ಹೋಗಿ ಅಂತಲೂ ಕರೆದಿದ್ದರು. ಅರ್ತ್ ಬೇಡ ಅಂದವಳೂ ನಾನೇ" ಎಂದೆ.

ಅವರು ತಲೆ ಎತ್ತಿ ಮೇಲೆ ನೋಡಿ ಹೇಳಿದರು: "ಈ ಫ್ಯಾನಿನ ಸದ್ದಿಗೆ ನನಗೆ ಒಂದೂ ಕೇಳಲಿಲ್ಲಮ್ಮ. ನಿನಗೆ ಇನ್ನು ಎಷ್ಟು ಸರ್ವಿಸ್ ಉಂಟು? ಮನೆಗೆ ಹೋಗು, ಮಲಗು."

ನಾನು ಮನೆಗೆ ಹೋದೆ. ಮಲಗಿದೆ ಕೂಡ. ಅರ್ತ್ ಬೇಡ ಎಂದದ್ದಕ್ಕಿಂತ, ಓಡಿದ ದಿಕ್ಕಿಗಿಂತ, ನನ್ನನ್ನು ಹೆಚ್ಚು ಚುಚ್ಚುವುದು ಆ ನಿದ್ದೆ.

ಬಸವರಾಜನನ್ನು ದಿನಾ ನೋಡಲು ಹೋಗುತ್ತಿದ್ದೆ, ಹಣ್ಣು ಒಯ್ಯುತ್ತಿದ್ದೆ, ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿ ಬರುತ್ತಿದ್ದೆ. ಮಾತು ಬರುವಷ್ಟಾದ ಮೇಲೆ ಅವನು ಹೇಳಿದ: "ಆ ಮುದುಕಿನ್ನ ಬಿಡಬ್ಯಾಡ್ರಿ ಮೇಡಂ. ಕಳವು ಮಾಡಿ ನನ್ನ ಕೈ ತಿಂದಾಳ."

"ಕಳವಲ್ಲ ಬಸವರಾಜ. ಜನರೇಟರ್ ಇಡ್ತೇನೆ ಅಂತ ನನಗೆ ಫೋನ್ ಮಾಡಿ ಹೇಳಿದ್ದರು."

ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ನೋಡಿದ, ನನ್ನನ್ನು ನೋಡಿದ. "ಯಾವಾಗ?"

"ಮೊದಲೇ. ಆ ದಿನಕ್ಕಿಂತ ಮೊದಲು."

"ಹಂಗಾರ ಕಂಬದ ಕೆಳಗ ನಿಂತಾಗ ನಿಮಗ ಗೊತ್ತಿತ್ತು."

"ಗೊತ್ತಿತ್ತು. ನೆನಪಾಗಲಿಲ್ಲ."

"ಅದಕ್ಕ ಗೊತ್ತಿತ್ತು ಅಂತಾರೇನ್ರಿ, ಗೊತ್ತಿರ್ಲಿಲ್ಲ ಅಂತಾರೇನ್ರಿ?" ಎಂದು ಕೇಳಿದ. ಬೈಯುವ ದನಿಯಲ್ಲ, ನಿಜವಾಗಿ ಕೇಳುತ್ತಿದ್ದ. ಅವನು ಗೋಡೆಯ ಕಡೆ ತಿರುಗಿ, "ಈಗ ಹೋಗ್ರಿ" ಎಂದ.

ನಾನು ಹೊರಗೆ ಬಂದು, ಸಾಹೇಬರನ್ನು ಕೇಳದೆ, ಪೊಲೀಸರಿಗೂ ವಿದ್ಯುತ್ ಪರಿವೀಕ್ಷಕರಿಗೂ ನಡೆದದ್ದನ್ನು ಬರೆದುಕೊಟ್ಟೆ. ಬಸವರಾಜನೂ ನನ್ನಿಂದ ಕೇಳಿದ್ದನ್ನು ಒಂದು ಮಾತು ಹೆಚ್ಚು ಕಡಿಮೆ ಮಾಡದೆ ಅವರಿಗೆ ಹೇಳಿದ. ಗಿರಿಜಕ್ಕನ ಮೇಲಿನ ಕೇಸು ಬಿದ್ದುಹೋಯಿತು. ನನ್ನ ಮೇಲೆ ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು, ಬಹಳ ಸಣ್ಣದು. ಸಾಹೇಬರು ಆಮೇಲೆ ನನ್ನೊಡನೆ ಮಾತಾಡಿದ್ದು ಕೆಲಸಕ್ಕೆ ಬೇಕಾದಷ್ಟೇ.

ಈ ಗಲಾಟೆಯಲ್ಲಿ ಗಿರಿಜಕ್ಕನ ಬೆಳೆ ಹೋಯಿತು. ಮಳೆಗಾಲ ಕಳೆದು ನಾನು ಅವರ ಅಂಗಳಕ್ಕೆ, ಈ ಸಲ ಎದುರು ದಾರಿಯಿಂದಲೇ, ಹೋದೆ. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿತ್ತು. ಬಾವಿಯ ಬಳಿ ಟ್ಯಾಂಕರ್ ನಿಲ್ಲುವಷ್ಟು ಜಾಗ ಮಟ್ಟ ಮಾಡಿಸಿದ್ದರು.

"ಮಣಿಪಾಲದ ಫ್ಲ್ಯಾಟಿನವರು ನೀರು ಕೇಳ್ತಾ ಇದ್ದಾರೆ" ಎಂದರು. "ಸೌತೆಗೆ ಹುಳ ಬೀಳ್ತದೆ, ನೀರಿಗೆ ಬೀಳುದಿಲ್ಲ. ನನ್ನ ಕನೆಕ್ಷನನ್ನು ಕೃಷಿಯಿಂದ ಕಮರ್ಷಿಯಲ್ ಮಾಡಿ ಕೊಡಿ ಮೇಡಂ. ಹಾಗೆ ಮಾಡಿದರೆ ಬೇಸಿಗೆಯಲ್ಲಿ ಕಡಿಯಲಿಕ್ಕಿಲ್ಲವಂತೆ, ಹೌದಾ?"

ಹೌದು. ತರಕಾರಿ ಬೆಳೆದರೆ ಕಡಿಯುತ್ತಿದ್ದೆವು, ನೀರು ಮಾರಿದರೆ ಕಡಿಯುವಂತಿಲ್ಲ. ನಾನೇ ಅದಕ್ಕೆ ಸಹಿ ಹಾಕಿದೆ, ಬೇರೆ ತಂತಿಯನ್ನೂ ಎಳೆಸಿದೆ. ಹಿಂದೆ ಆಗುವುದಿಲ್ಲ ಎಂದಿದ್ದ ಕೆಲಸಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ. ತಂತಿ ಎಳೆಯುವುದನ್ನು ಗಿರಿಜಕ್ಕ ಜಗುಲಿಯಲ್ಲಿ ಕೂತು ನೋಡಿದರು.

ಬಸವರಾಜ ಕೆಲಸಕ್ಕೆ ಮರಳಿದ. ಊರಿನ ಕಡೆಗೆ ವರ್ಗ ಕೊಡುತ್ತೇವೆ ಎಂದರೂ ಹೋಗಲಿಲ್ಲ. ಕಂಬ ಹತ್ತಲು ಆಗದಿದ್ದುದರಿಂದ ಕೆಳಗೆ ನಿಂತು ಹಗ್ಗ, ಸಾಮಾನು ನೋಡಿಕೊಳ್ಳುವ ಕೆಲಸ ಕೊಟ್ಟರು. ಮೊದಲ ದಿನವೇ, ಬೇರೆ ಲೈನ್‌ಮನ್ ಬೆಲ್ಟು ಕಟ್ಟಿಕೊಂಡು ಹತ್ತಲು ಹೊರಟಾಗ, ಅವನು ಕಂಬಕ್ಕೆ ಅಡ್ಡ ನಿಂತು ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕೇಳಿದ:

"ಮೇಡಂ, ಈ ಲೈನಿನ್ಯಾಗ ಯಾರ್‍ಯಾರ ಮನ್ಯಾಗ ಜನರೇಟರ್ ಐತಿ, ನಿಮಗೇನೇನ್ ಗೊತ್ತೈತಿ, ಎಲ್ಲಾ ಹೇಳ್ರಿ."

ಸುತ್ತ ಇದ್ದವರಿಗೆಲ್ಲ ಕಥೆ ಗೊತ್ತಿತ್ತು. ನನ್ನ ಕಿವಿ ಬಿಸಿಯಾಯಿತು. ಗೊತ್ತಿದ್ದದ್ದನ್ನು ಹೇಳಿದೆ. ಅವನು ಕೇಳಿ ಮುಗಿಸಿ, ಅರ್ತ್ ಹಾಕಿಸಿ, ಪಕ್ಕಕ್ಕೆ ಸರಿದ. ಮರುದಿನವೂ ಕೇಳಿದ. ಅದರ ಮರುದಿನವೂ. ಅವಮಾನ ಮಾಡಲು ಕೇಳುತ್ತಾನೆ ಎಂದು ಕೆಲವರು ನನ್ನ ಪರವಾಗಿ ಸಿಟ್ಟಾದರು. ನಿಲ್ಲಿಸು ಎಂದು ನಾನು ಹೇಳಲಿಲ್ಲ. ಹೊಸದಾಗಿ ಬಂದ ಲೈನ್‌ಮನ್ನರು ಇದೂ ಒಂದು ನಿಯಮ ಎಂದೇ ತಿಳಿದರು. ಆಮೇಲೆ ಅವನಿಲ್ಲದ ದಿನವೂ ಅವರು ಬೆಲ್ಟು ಕಟ್ಟಿಕೊಂಡು ನನ್ನ ಬಾಯಿ ನೋಡುತ್ತಾ ನಿಲ್ಲುತ್ತಿದ್ದರು.

ನನ್ನ ಕೊನೆಯ ವಾರದಲ್ಲಿ ಒಂದು ಹೊಸ ಬಡಾವಣೆಯ ಲೈನಿಗೆ ಹೋಗಿದ್ದೆವು. ಬಸವರಾಜ ಯಾವತ್ತಿನಂತೆ ಕೇಳಿದ. ಅಲ್ಲಿನ ಮನೆಗಳ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ.

"ಗೊತ್ತಿಲ್ಲ" ಎಂದೆ.

"ಹಂಗಾರ ನೋಡ್ಕೊಂಡ್ ಬರ್ರಿ. ನಾವು ಕಾಯ್ತೀವಿ" ಎಂದು ಅವನು ಕಂಬಕ್ಕೆ ಬೆನ್ನು ಕೊಟ್ಟು ಕೂತ.

ನಾನು ಕೊಡೆ ಬಿಚ್ಚಿಕೊಂಡು ಮೊದಲ ಮನೆಯ ಬಾಗಿಲು ತಟ್ಟಿದೆ.